ಬಿಳಿ ಬಿರುಕು

ಮಾತು ಆಡಿದರೆ ಹೋಯಿತು, ಹಂಚು ಒಡೆದರೆ ಹೋಯಿತು.

ಗಾದೆಯಲ್ಲಿರುವುದು ಮುತ್ತು, ಹಂಚಲ್ಲ ಎಂದು ತಿದ್ದಲು ಹೊರಟವರು ಒಂದು ಗಳಿಗೆ ತಾಳಬೇಕು. ಮುತ್ತು ಒಡೆದದ್ದನ್ನು ನಾನು ಕಂಡಿಲ್ಲ. ಹಂಚು ಒಡೆದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಅದಲ್ಲದೆ ನಾನು ಹೇಳುತ್ತಿರುವುದು ನಡೆದ ಕಥೆ. ನಿಜವಾಗಿ ನಡೆದ ಕಥೆಯ ಜೊತೆ ಹೆಜ್ಜೆ ಹಾಕುವಾಗ ಗಾದೆಗಳೂ ಸ್ವಲ್ಪ ಕುಂಟುತ್ತವೆ.

ವನಜ ಒಡೆದ ಚೂರುಗಳ ಮುಂದೆ ಕೂತಿದ್ದಳು.

ಕುಂದಾಪುರದ ಹೊಳೆದಂಡೆಯ ಹಂಚಿನ ಕಾರ್ಖಾನೆ, ಅದರ ಹಿಂದೊಂದು ಮಣ್ಣುಗೋಡೆಯ ಶೆಡ್ಡು. ಅವಳ ಗಂಡ, ನನ್ನ ಕಾಲೇಜು ಗೆಳೆಯ ಭೋಜರಾಜ, ಹೋದ ವಾರ ಇಲ್ಲೇ ಇದ್ದಿಲ ಗ್ಯಾಸು ಕುಡಿದು ಸತ್ತಿದ್ದ. ಆತ್ಮಹತ್ಯೆ ಎಂದು ಪೊಲೀಸರು ಬರೆದುಕೊಂಡು ಹೋಗಿದ್ದರು.

ನೆಲದಲ್ಲಿ ಬಿಳಿ ಕೊಳವೆಗಳ ಚೂರು. ವನಜ ಒಂದೊಂದೇ ಎತ್ತಿ, ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಹೊಂದಿಸಿ ನೋಡುತ್ತಿದ್ದಳು. ಮುರಿದ ಬಳೆ ಜೋಡಿಸುವ ಹಾಗೆ.

"ಬೆರಳ್ ಕೊಯ್ಕಣ್ತ್ ಮಗಾ" ಎಂದರು ಚಂದಯ್ಯ ಶೆಟ್ಟರು.

"ಕೊಯ್ಲಿ" ಎಂದಳು ವನಜ.

ಚಂದಯ್ಯ ಶೆಟ್ಟರು ಯಡ್ತರೆಯವರು. ಮುಂಬಯಿಯಲ್ಲಿ ಬೆಂಕಿ ಆರಿಸುವ ದಳದಲ್ಲಿ ಜೀವಮಾನ ಸವೆಸಿ, ಹುಬ್ಬಿನ ಅರ್ಧ ಅಲ್ಲೇ ಬಿಟ್ಟು, ಊರಿಗೆ ಮರಳಿದವರು. ಬೆಂಕಿ ಎಲ್ಲಿಂದ ಬಂತು, ಯಾರು ಕರೆದರು, ಯಾಕೆ ಬಂತು ಎಂದು ಬೂದಿಯ ಹತ್ತಿರ ಕೇಳಿ ತಿಳಿಯುವುದು ಅವರ ಚಾಳಿ. ಬ್ರಹ್ಮಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ರಜೆ ಹಾಕಿ ಅವರ ಬೆನ್ನು ಹಿಡಿದಿದ್ದೆ.

"ಚಂದಯ್ಯಣ್ಣ, ನಂಗೆ ಕೋರ್ಟ್ ಬ್ಯಾಡ, ಕಚೇರಿ ಬ್ಯಾಡ" ಎಂದಳು ವನಜ, ತಲೆಯೆತ್ತದೆ. "ಅವ್ರ್ ನನ್ನ್ ಬಿಟ್ಟ್ ಹೋದದ್ದಾ, ಅವ್ರನ್ನ್ ಯಾರಾರೂ ಕಳ್ಸದ್ದಾ? ಅದೊಂದ್ ಹೇಳಿ."

ನಾಡಿದ್ದು ಬೊಜ್ಜ, ಸತ್ತವನ ಉತ್ತರಕ್ರಿಯೆ. ಆದರೆ ಕೋಟದ ಮನೆಯಲ್ಲಿ ಭೋಜರಾಜನ ದೊಡ್ಡ ಮಾವ, ಮನೆಯ ಯಜಮಾನರು, ಜಗಲಿಯಲ್ಲಿ ಕೂತು ಹೇಳಿಬಿಟ್ಟಿದ್ದರು: ತಾನಾಗಿ ಹೋದವನಿಗೆ ಬೊಜ್ಜ ಇಲ್ಲ, ಎಲೆ ಹಾಕುವುದಿಲ್ಲ, ಹೆಸರು ಹೇಳುವುದಿಲ್ಲ. ಅವಳು ಅಂದಿನಿಂದ ಕಣ್ಣು ಮುಚ್ಚಿರಲಿಲ್ಲ.

ಚಂದಯ್ಯ ಶೆಟ್ಟರು ಮಂಡಿಯೂರಿ ಕೂತರು. "ಮೇಷ್ಟ್ರೇ, ಈ ಪಿಂಗಾಣಿ ಎಂತಕ್ಕೆ ಸಾಯ್ತ್ ಅಂದೇಳಿ ಇನ್ನೊಂದ್ಸಲ ಹೇಳಿ. ಪಾಠ ಮಾಡ್ಬೇಡಿ, ಹೇಳಿ."

ಹೇಳಿದೆ.

ಭೋಜರಾಜ ಕಟ್ಟುತ್ತಿದ್ದದ್ದು ಇಂಧನಕೋಶ. ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ಅವನು ಮುಂಬಯಿ ತನಕ ದೇಶ ಸುತ್ತಿ, ಊರಿಗೆ ಬಂದು ಕೋಶ ಸುಡುತ್ತ ಕೂತ. ಬಿಳಿಯ ಕೊಳವೆಯೊಂದನ್ನು ಶೆಡ್ಡಿನೊಳಗಿನ ಗೂಡಿನಲ್ಲಿ, ಅಂದರೆ ಕುಲುಮೆಯಲ್ಲಿ, ಕೆಂಡದ ಬಣ್ಣ ಬರುವ ತನಕ ಕಾಯಿಸಬೇಕು. ಕೊಳವೆಯ ಒಳಗೆ ತೆಂಗಿನ ಗೆರಟೆಯ ಇದ್ದಿಲಿನ ಗ್ಯಾಸು, ಹೊರಗೆ ಬರಿಯ ಗಾಳಿ. ಗಾಳಿಯ ಆಮ್ಲಜನಕ ಕೊಳವೆಯ ಗೋಡೆಯೊಳಗೇ ದಾರಿ ಮಾಡಿಕೊಂಡು ಗ್ಯಾಸನ್ನು ಸೇರುತ್ತದೆ. ಸೇರುವ ದಾರಿಯಲ್ಲಿ ಕರೆಂಟು ಕೊಡುತ್ತದೆ. ಚಕ್ರ ತಿರುಗುವುದಿಲ್ಲ, ಸದ್ದಿಲ್ಲ.

ಕರೆಂಟು ಅವನಿಗೆ ಸುಲಭವಾಗಿ ಬಂತು. ಬಾರದೆ ಸತಾಯಿಸಿದ್ದು ಬಾಳಿಕೆ. ಕಾಯುವಾಗ ಕೊಳವೆ ಸಾಧು. ತಣಿಯುವಾಗ ಮಾತ್ರ, ಜಿರ್ಕೋನಿಯಾ ಎಂಬ ಆ ಬಿಳಿ ವಸ್ತು ಒಳಗೊಳಗೇ ಮಗ್ಗುಲು ಬದಲಿಸುತ್ತದೆ. ಬದಲಿಸಿ ಹಿಗ್ಗುತ್ತದೆ. ಹಿಗ್ಗಿ, ಟಿಕ್ ಎಂದು ಬಿರಿಯುತ್ತದೆ. ಸುಡುವಾಗ ಸುಮ್ಮನಿದ್ದು ತಣಿಯುವಾಗ ಒಡೆಯುವವರು ಮನುಷ್ಯರಲ್ಲೂ ಇದ್ದಾರೆ, ಬಿಡಿ.

ಸುಣ್ಣ ಬೆರೆಸಿದರೆ ಆ ಮಗ್ಗುಲು ಬದಲಿಸುವ ಚಾಳಿ ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾವ ಸುಣ್ಣ, ಎಷ್ಟು ಸುಣ್ಣ ಎಂಬುದಕ್ಕೆ ವರ್ಷಗಳು ಹೋದವು. ಕೊನೆಗೆ ಇದೇ ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ ಒಗ್ಗಿತು. ಕಾಯಿಸಿ ತಣಿಸಿ, ಕಾಯಿಸಿ ತಣಿಸಿ ನೋಡುತ್ತಿದ್ದ. "ಈ ಸಲದ ಬಾಣಂತಿ ಗಟ್ಟಿ ಇತ್ತ್ ಮಾರಾಯಾ" ಎಂದು ನನಗೆ ಬಸ್‌ ಸ್ಟ್ಯಾಂಡಿನಲ್ಲಿ ಹೇಳಿದ್ದ. ಬಾಣಂತಿ ಅನ್ನುತ್ತಿದ್ದದ್ದು ಕೊಳವೆಗೆ. ಬಿಸಿ ಕೊಳವೆಗೆ ಗಾಳಿ ತಾಗಬಾರದು ಎಂದು ಒಳಗೆ ಕೂತು ಬಾಗಿಲ ಸಂದಿಗಳಿಗೆಲ್ಲ ಒದ್ದೆ ಗೋಣಿ ತುರುಕುತ್ತಿದ್ದ.

ಒಂದೇ ಒಂದು ಕಿಂಡಿ ಮಾತ್ರ ತೆರೆದಿರುತ್ತಿತ್ತು, ಗೋಡೆಯ ಹೊಗೆಕಿಂಡಿ. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದಯೆಯೂ ಇಲ್ಲ. ಭೋಜರಾಜ ಕೆಲಸ ಮುಗಿಸಿ ಹೊರಬಿದ್ದ ಮೇಲೆಯೇ ಮಂಜಯ್ಯ ಮೇಸ್ತ್ರಿ ಹೊರಗಿನಿಂದ ಆ ಕಿಂಡಿಗೆ ಹಸಿ ಮಣ್ಣು ಮೆತ್ತುವುದು, ಮೆತ್ತಿ ಹೆಬ್ಬೆರಳು ಒತ್ತುವುದು. ಹೆಬ್ಬೆರಳಿನ ಗುರುತು ಬಿದ್ದ ಗೂಡನ್ನು ಮೇಸ್ತ್ರಿಯಲ್ಲದೆ ಇನ್ನೊಬ್ಬರು ಒಡೆಯುವಂತಿಲ್ಲ. ಹಂಚಿನ ಕಾರ್ಖಾನೆಗಳಲ್ಲಿ ಅದೊಂದು ಕಟ್ಟು.

ಚಂದಯ್ಯ ಶೆಟ್ಟರು ಒಂದು ಚೂರನ್ನು ಬಾಗಿಲ ಬೆಳಕಿಗೆ ಹಿಡಿದರು.

"ಇದ್ರ್ ಹೊಟ್ಟಿ ಎಂತ ಬಣ್ಣ?"

"ಕಪ್ಪು. ಒಳಗೆ ಗ್ಯಾಸಿನ ಮಸಿ ಕೂತಿದೆ."

"ಬಾಯಿ? ಒಡ್ದ ಜಾಗ?"

"ಬಿಳಿ."

"ಬರೀ ಬಿಳಿಯಾ?"

ಇನ್ನೊಂದು ಚೂರು ಎತ್ತಿದೆ. ಮತ್ತೊಂದು. ಹೊಟ್ಟೆಯೆಲ್ಲ ಒಲೆಯ ಮೇಲಿನ ಅಟ್ಟದ ಹಾಗೆ ಕಪ್ಪು. ಒಡೆದ ಅಂಚು ಮಾತ್ರ ಆಗತಾನೆ ಹೋಳು ಮಾಡಿದ ತೆಂಗಿನಕಾಯಿ.



"ಮುಂಬಯಿ ಭಾಯ್‌ಖಳದಂಗೆ ಒಂದ್ ಗೋಡೌನ್ ಸುಟ್ಟಿತ್ತ್" ಎಂದರು ಚಂದಯ್ಯ ಶೆಟ್ಟರು. "ಕಿಟಕಿ ಗಾಜ್ ಮುಂಚೆ ಒಡ್ದದ್ದಾ, ಬೆಂಕಿ ಬಿದ್ದ್ ಮೇಲೆ ಒಡ್ದದ್ದಾ ಅಂದೇಳಿ ತಕರಾರ್. ಗಾಜಿನ ಅಂಚ್ ಕಂಡೆ, ಮುಗೀತ್. ಮಸಿ ಸುಳ್ಳ್ ಹೇಳ್ತಿಲ್ಲೆ. ಈ ಕೊಳವಿ ಬೆಂಕಿಯಂಗೇ ಬಿರ್ದಿದ್ರೆ ಗ್ಯಾಸ್ ಆ ಬಿರುಕಿಗೂ ನುಗ್ತಿತ್ತ್. ಇದರ ಬಾಯಿಯೂ ಕಪ್ಪಾತಿತ್ತ್."

ಅವರು ಚೂರನ್ನು ನಾಲಿಗೆಗೆ ತಾಗಿಸಿದರು. ಹುಬ್ಬು ಮೇಲೆ ಹೋಯಿತು.

"ಉಪ್ಪ್."

ವನಜ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನನ್ನ್ ಕಣ್ಣೀರ್ ಬಿತ್ತೇನೋ ಅಣ್ಣ."

"ಇಲ್ಲ ಮಗಾ. ಕಣ್ಣೀರ್ ಇಷ್ಟ್ ಉಪ್ಪಿರ್ತಿಲ್ಲೆ. ಇದ್ ಹೊಳಿ ನೀರ್."

ಬೇಸಗೆಯಲ್ಲಿ ಸಮುದ್ರ ಹೊಳೆಯೊಳಗೆ ಬರುತ್ತದೆ. ದಂಡೆಯ ನೀರು ಬಾಯಿಗೆ ಇಡುವಂತಿಲ್ಲ.

ಹೊರಗೆ ಹಂಚು ಹೊರುವ ಹೆಂಗಸರು ಸಾಲಾಗಿ ಹೋಗುತ್ತಿದ್ದರು. ಚಂದಯ್ಯ ಶೆಟ್ಟರು ಕೂಗಿದರು. "ಹ್ವಾಯ್ ಪದ್ದು, ಒಂಚೂರ್ ಬಾ ಇಲ್ಲಿ."

ಪದ್ದು ತಲೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದು ಬಂದಳು. ಆ ಸಂಜೆ, ಬಾಗಿಲ ಹೊರಗಿಟ್ಟ ಭೋಜರಾಜನ ಬುತ್ತಿ ಬೆಳಿಗ್ಗೆ ಇಟ್ಟ ಹಾಗೇ ಇದೆಯಲ್ಲ ಎಂದು ನೋಡಲು ಹೋಗಿ, ಹೆಣ ಕಂಡು ಕಿರುಚಿದವಳು ಅವಳೇ.

"ಗೂಡಿಗೆ ನೀರ್ ಹೊಯ್ದದ್ದ್ ಯಾರ್?"

ಪದ್ದು ನನ್ನ ಮುಖ ನೋಡಿದಳು, ವನಜಳ ಮುಖ ನೋಡಿದಳು. "ನಾವೇ ಒಡೆಯ. ನಾನ್, ಜಲಜಕ್ಕ, ಎಲ್ಲಾ ಹೆಣ್ಮಕ್ಳೂ. ಕೊಡಪಾನದಂಗೆ ತಂದ್ ತಂದ್ ಹೊಯ್ದ್ತ್."

"ಎಂತಕೆ?"

"ಎಂತಕೆ ಅಂದ್ರೆ? ಸತ್ತ್ ಮನಿಯಂಗೆ ಒಲಿ ಉರೂಕಾತ್ತಾ? ಹೆಣ ಬಿದ್ದಿತ್ತ್, ಪಕ್ಕದಂಗೇ ಗೂಡ್ ಧಗಧಗ ಅಂತಿತ್ತ್. ಅವ್ರ್ ಮನಿಯರ್ ಯಾರೂ ಇರ್ಲಿಲ್ಲ. ಕೋಟದಿಂದ ಇವ್ರ್ ಬಪ್ಪತಿಗೆ ಹೊತ್ತಾತ್ತಲೆ. ನಾವೇ ಮನಿಯರ್ ಅಂದ್ಕಂಡ್ ಆರ್ಸಿದ್ತ್." ಅವಳ ದನಿ ಸಣ್ಣದಾಯಿತು. "ತಪ್ಪಾಯ್ತಾ ಒಡೆಯ?"

"ಹೊಯ್ವತಿಗೆ ಒಳ್ಗೆ ಎಂತಾರೂ ಸದ್ದ್?"

"ಟಿಕ್ ಟಿಕ್ ಅಂದ್ ಕೇಂಡಿತ್ತ್. ಅಳುದ್ರೊಳ್ಗೆ ಯಾರ್ ಕೆಮಿ ಕೊಡ್ತ್ರ್?"



ಕೆಂಪಗೆ ಕಾದ ಕೊಳವೆಗಳ ಮೇಲೆ ತಣ್ಣೀರು. ಎಷ್ಟು ಗಟ್ಟಿ ಬಾಣಂತಿಯಾದರೂ ಉಳಿಯುತ್ತಾಳೆಯೇ? ಅವನ ಬದುಕಿನ ಅಷ್ಟೂ ವರ್ಷಗಳನ್ನು ಒಡೆದದ್ದು ಅವನ ಮೇಲಿನ ಮರ್ಯಾದೆ. ಪೊಲೀಸರು ಮಾರನೆಯ ದಿನ ಬಂದರು, ಚೂರು ಕಂಡರು. 'ಕೊಳವೆಯೆಲ್ಲ ಒಡೆದು ಹೋಯಿತು, ಬೇಜಾರಿನಲ್ಲಿ ಸತ್ತ' ಎಂದರು. ಕೊಳವೆ ಒಡೆದದ್ದು ಅವನು ಸತ್ತ ಮೇಲೆ ಎಂದು ಯಾರಿಗೂ ಹೊಳೆಯಲಿಲ್ಲ.

"ಹಾಂಗಾರೆ..." ವನಜ ಚೂರೊಂದನ್ನು ಎದೆಗೆ ಒತ್ತಿಕೊಂಡಿದ್ದಳು. "ಅವ್ರ್ ಗೆದ್ದಿದ್ರಾ?"

"ಗೆದ್ದಿದ್ದ ಮಗಾ."

ಅವಳು ಅಳಲಿಲ್ಲ. ಪದ್ದು ಅತ್ತಳು. ಗೋಡೆಗೆ ಒರಗಿ, ಸಿಂಬಿಯಲ್ಲಿ ಮುಖ ಮುಚ್ಚಿಕೊಂಡು, "ನಾವೇ ಒಡ್ದ್ತಲೆ, ನಾವೇ ಒಡ್ದ್ತಲೆ" ಎಂದು ಅತ್ತಳು. ವನಜ ಎದ್ದು ಹೋಗಿ ಅವಳ ಬೆನ್ನು ಸವರಿದಳು. ಯಾರಿಗೆ ಯಾರು ಸಮಾಧಾನ ಹೇಳಬೇಕಿತ್ತೋ ಅದು ತಿರುಗಾಮುರುಗಾ ಆಯಿತು.

ನಾನು ಮುಖ ತಿರುಗಿಸಿ, ಕೈಗೊಂದು ಕೆಲಸವಿರಲೆಂದು ಚೂರು ಜೋಡಿಸಿದೆ. ಕೊಳವೆಗಳನ್ನು ನಿಲ್ಲಿಸುವ ಮಣ್ಣಿನ ಹಲಗೆಯಲ್ಲಿ ಒಂದೊಂದಕ್ಕೂ ಒಂದು ಕುಳಿ. ಎಲ್ಲ ಕುಳಿಯಲ್ಲೂ ಮುರಿದ ಬುಡ ನೆಟ್ಟಿತ್ತು. ಮೂಲೆಯ ಒಂದು ಕುಳಿಯಲ್ಲಿ ಬುಡವೂ ಇಲ್ಲ, ಅದರದ್ದೆನ್ನುವ ಚೂರೂ ಇಲ್ಲ. ಕುಳಿಯ ಅಂಚು ಉಜ್ಜಿ ನುಣುಪಾಗಿತ್ತು. ಯಾರೋ ಕೊಳವೆಯನ್ನು ಇಡಿಯಾಗಿ ಎತ್ತಿದ್ದರು.

ಚಂದಯ್ಯ ಶೆಟ್ಟರಿಗೆ ತೋರಿಸಿದೆ. ಅವರು ತಲೆಯಾಡಿಸಿ, ತುಟಿಯ ಮೇಲೆ ಬೆರಳಿಟ್ಟರು. ಬಾಗಿಲಲ್ಲಿ ನೆರಳು ಬಿದ್ದಿತ್ತು.

ಕಾರ್ಖಾನೆಯ ಧಣಿ ಗುಣಪಾಲ. ಇಸ್ತ್ರಿ ಹಾಕಿದ ಪಂಚೆ, ಬೆರಳ ಸಂದಿಯಲ್ಲಿ ಸಿಗರೇಟು. ಭೋಜರಾಜನಿಗೆ ಈ ಶೆಡ್ಡು ಬಿಟ್ಟುಕೊಟ್ಟವನು ಅವನೇ.

"ಎಂತ ಶೆಟ್ರೆ, ಇನ್ನೂ ಹೆಕ್ಕುದಾ? ನಾಳೆ ಈ ಶೆಡ್ ಕೆಡ್ಗಿ ನೆಲಸಮ ಮಾಡ್ತೆ. ಹೆಣ ಬಿದ್ದ ಜಾಗ ಅಂದೇಳಿ ಹೆಂಗ್ಸ್ರ್ ಈ ಬದಿಗ್ ಬತ್ತಿಲ್ಲೆ."

"ನಾಳೆಯಾ?" ಎಂದರು ಚಂದಯ್ಯ ಶೆಟ್ಟರು. "ಗಡಿಬಿಡಿ ಎಂತಕೆ? ಕೊಳವಿ ಒಡ್ದದ್ದ್ ಹೊಳಿ ನೀರಿಗ್. ಭೋಜ ಸೋತಿರ್ಲಿಲ್ಲ."

ಗುಣಪಾಲ ವನಜಳ ಕಡೆ ನೋಡಿ ಸಿಗರೇಟು ಹಿಂದಕ್ಕೆ ಮರೆಮಾಡಿದ. "ದೇವ್ರ್ ಒಳ್ಳೇದ್ ಮಾಡ್ಲಿ. ಆರೆ ಕೊಳವಿ ಬಿಡಿ ಶೆಟ್ರೆ, ಮಂಜಯ್ಯನ ಮಾತಿಗೆ ಎಂತ ಹೇಳ್ತ್ರಿ? ಇನ್ಸ್‌ಪೆಕ್ಟ್ರ್ ಹೇಳ್ಲಿಲ್ಯಾ..." ಅವನು ಹೊಟ್ಟೆ ಮುಂದೆ ಮಾಡಿ ಗಲ್ಲ ಒಳಗೆ ಎಳೆದುಕೊಂಡ. "'ಮಂಜಯ್ಯಗ ಅವನ ಹೇಳ್ಯಾನ್ರೀ ಕಿಂಡಿ ಮುಚ್ಚು ಅಂತ! ನಾ ಹಿಂದಿನ ಬಾಗಲದಿಂದ ಹೊಂಟೆ ಅಂದಾನ, ಒಳಗ ಮಲಕೊಂಡಾನ. ತನ್ನ ಸಾವು ತಾನ ಕಟಗೊಂಡಾನ್ರೀ. ಇನ್ನೇನ್ ಬೇಕ್ರೀ ನಿಮಗ?'"

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಧಾರವಾಡದ ಕಡೆಯ ಅಧಿಕಾರಿಗಳು ನಮಗೆ ಹೊಸತಲ್ಲ. ಆದರೂ ಆ 'ರೀ'ಯ ಎಳೆತ ಸರಿಯಾಗಿ ಹಿಡಿಯುವವರು ಕಡಿಮೆ. ದುಃಖದ ಹೊತ್ತು ಎಂದು ನನ್ನ ಕಿವಿಗೆ ನಾಚಿಕೆಯಿಲ್ಲ. ಒಳಗೊಳಗೇ ಪಾಸು ಮಾರ್ಕು ಕೊಟ್ಟಿತು.

ಗುಣಪಾಲ ಆಫೀಸಿನ ಜಗಲಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತ.

ಅವನು ಹೇಳಿದ್ದು ಸುಳ್ಳಲ್ಲ. ಇನ್ನು ಉಳಿದದ್ದು ಮಂಜಯ್ಯನ ಆ ಒಂದೇ ಮಾತು. ಅದು ಬೀಳುವ ತನಕ ಕೋಟದ ದೊಡ್ಡ ಮಾವ ಜಗಲಿಯಿಂದ ಏಳುವುದಿಲ್ಲ, ಬೊಜ್ಜವಿಲ್ಲ.

ಚಂದಯ್ಯ ಶೆಟ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು ಶೆಡ್ಡಿನ ಹಿಂದಕ್ಕೆ ಕರೆದೊಯ್ದರು.

"ಮೇಷ್ಟ್ರೇ, ಕಾಲೇಜಂಗೆ ನೀವ್ ಭೋಜನ ಸ್ವರ ತೆಗೀತಿದ್ರಿ ಅಲ್ದಾ?"

ತೆಗೆಯುತ್ತಿದ್ದೆ. ಹಾಸ್ಟೆಲಿನಲ್ಲಿ ಅವನ ದನಿಯಲ್ಲಿ ಹಾಜರಿ ಕೂಗಿದ್ದೇನೆ, ಅವನ ದನಿಯಲ್ಲಿ ಎರಡನೇ ಸಲ ಪಾಯಸ ಕೇಳಿದ್ದೇನೆ. ಅವನು ಬೈಯುವ ಬದಲು, "ನನ್ಗಿಂತ ನೀನೇ ಲಾಯ್ಕ್ ನಾನಾತೆ" ಎಂದು ನಗುತ್ತಿದ್ದ. ಒಂದು ಸಣ್ಣ ಗೊರಕೆಯಂಥ ಗಂಟಲು ಸರಿಮಾಡುವ ಸದ್ದು, ಆಮೇಲೆ ಹೆಸರು.

"ಸತ್ತವನ ಸ್ವರ ತೆಗೆಯುವುದೇ ಶೆಟ್ರೆ?"

"ಬದ್ಕಿದ್ದವಳೊಬ್ಳಿಗೆ ಅದ್ ಬೇಕ್."

ನಾನು ಹಿಂಬಾಗಿಲಿನಿಂದ ಶೆಡ್ಡಿನೊಳಗೆ ಸೇರಿ ಮುಂಬಾಗಿಲು ಎಳೆದುಕೊಂಡೆ. ವನಜ ಹೊರಗೆ ಪದ್ದುವಿನ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ನಾವು ಹೇಳಲಿಲ್ಲ.

ಬಾಗಿಲ ಸಂದಿಯಲ್ಲಿ ನೋಡಿದೆ. ಚಂದಯ್ಯ ಶೆಟ್ಟರು ಹೇಳಿಕಳಿಸಿದ್ದ ಮಂಜಯ್ಯ ಮೇಸ್ತ್ರಿ ಬರುತ್ತಿದ್ದ. ಗೂಡಿನ ಬೆಂಕಿ ನೋಡಿ ನೋಡಿ ರೆಪ್ಪೆಯ ಕೂದಲು ಉದುರಿದ ಮುದುಕ. ವಾರದಲ್ಲಿ ಇನ್ನಷ್ಟು ಕುಗ್ಗಿದ್ದ. ಹೊಗೆಕಿಂಡಿಯ ಪಕ್ಕದ ಗೋಡೆಯನ್ನು ನೋಡದಿರಲು ಕುತ್ತಿಗೆ ಓರೆ ಮಾಡಿಕೊಂಡು ನಡೆಯುತ್ತಿದ್ದ. ಅಲ್ಲಿ ಇನ್ನೂ ಒಣಮಣ್ಣಿನ ಅಂಚು ಅಂಟಿತ್ತು, ಅದರ ಮೇಲೆ ಅವನದೇ ಹೆಬ್ಬೆರಳ ಗುರುತಿನ ಅರ್ಧ ಭಾಗ.

"ಮೇಸ್ತ್ರಿ, ಕಿಂಡಿ ಮುಚ್ಚದ್ದ್ ನೀವ್" ಎಂದರು ಚಂದಯ್ಯ ಶೆಟ್ಟರು.

"ಹೌದ್. ಪೊಲೀಸ್ರಿಗೂ ಹೇಳಿದೆ. ಭೋಜಣ್ಣ ಒಳ್ಗಿಂದ ಹೇಳ್ರ್, ಮುಚ್ದೆ."

"ಮೋರೆ ಕಂಡ್ರಿಯಾ?"

"ಬಾಗ್ಲ್ ಹಾಕಿತ್ತಲೆ. ಸ್ವರ ಸಾಕಲ್ದಾ? ದಿನಾ ಕೇಂಬ ಸ್ವರ."

"ಬ್ಯಾರೆ ಯಾರಾರೂ ಆಯ್ಲಕ್ಕಲ್ದಾ?"

"ಹ್ವಾಯ್!" ಮುದುಕ ಒಮ್ಮೆಗೇ ನೆಟ್ಟಗಾದ. "ಗೂಡ್ ಬೆಂದಿತಾ ಇಲ್ಯಾ ಅಂದೇಳಿ ನಾನ್ ಹೆರ್ಗೇ ನಿಂತ್ಕಂಡ್ ಕೆಮಿಯಂಗೇ ಹೇಳ್ತೆ. ಒಳ್ಗೆ ಒಂದ್ ಹಂಚ್ ಬಿರ್ದ್ರೂ ಗೊತ್ತಾತ್ತ್. ನನ್ನ್ ಕೆಮಿಗೆ ಮೋಸ ಮಾಡುವರ್ ಹುಟ್ಲಿಲ್ಲ."

"ಆರೆ ಅಂದಾಜಿಗೆ ಹೇಳುವ..."

"ಹೇಳ್ಬೇಡಿ!" ಅವನು ಕೈ ಅಡ್ಡ ಹಿಡಿದ. "ಹಾಂಗ್ ಮಾತ್ರ ಹೇಳ್ಬೇಡಿ ಚಂದಯ್ಯಣ್ಣ. ಅದ್ ಭೋಜಣ್ಣನ ಸ್ವರ ಅಲ್ದೇ ಹೋದ್ರೆ ನಾನ್ ಎಂತಾತೆ? ಯಾರೋ ಹೇಳ್ರ್ ಅಂದೇಳಿ ನಮ್ಮ್ ಭೋಜಣ್ಣನ ಉಸ್ರಿಗೆ ಮಣ್ಣ್ ಮೆತ್ತಿದವ ಆತೆ."

ಚಂದಯ್ಯ ಶೆಟ್ಟರು ಮುದುಕನ ಕೈ ಹಿಡಿದರು. ಅವರಿಗೂ ಕಷ್ಟವಾಯಿತು ಎಂದು ನನಗೆ ಗೊತ್ತು. ಆಮೇಲೆ ಮೆಲ್ಲನೆ, "ಆ ದಿನ ಮಾಡದ್ದ್ ಒಂದ್ಸಲ ಮಾಡಿ ತೋರ್ಸಿ. ಎಲ್ ನಿಂತಿದ್ರಿ, ಮಣ್ಣ್ ಹೇಂಗ್ ಹಿಡ್ಕಂಡಿದ್ರಿ. ಮತ್ತೆ ನಾನ್ ಕೇಂತಿಲ್ಲೆ" ಎಂದರು.

ಮಂಜಯ್ಯ ಬಾಗಿ, ಹಂಚಿನ ಮಣ್ಣಿನ ರಾಶಿಯಿಂದ ಒಂದು ಹಿಡಿ ತೆಗೆದ. ಕೈ ತಾನಾಗಿ ನಾದತೊಡಗಿತು. ಕಿಂಡಿಯ ಮುಂದೆ ನಿಂತ.

ನಾನು ಒಳಗೆ, ಭೋಜರಾಜ ಬಿದ್ದಿದ್ದ ಚಾಪೆಯ ಮೇಲೆ ಕಾಲಿಟ್ಟು ನಿಂತಿದ್ದೆ. ರಾತ್ರಿಗಟ್ಟಲೆ ಬೆಂಕಿ ಕಾದು ಬೆಳಗಾಗುವಾಗ ಅವನು ಸತ್ತವನ ಹಾಗೆ ನಿದ್ದೆ ಹೋಗುತ್ತಿದ್ದದ್ದು ಇದೇ ಚಾಪೆಯಲ್ಲಿ. ಗಂಟಲು ಸರಿಮಾಡಿಕೊಂಡೆ. ಅವನ ಹಾಗೆ.

"ಮಂಜಯ್ಯಾ... ಕಿಂಡಿ ಮುಚ್ಚಿ ಮಣ್ಣ್ ಮೆತ್ತಿ ಮಾರಾಯ್ರೆ. ನಾನ್ ಹಿಂದಿನ್ ಬಾಗ್ಲಂಗೆ ಹೋತೆ."

"ಹ್ವಾ ಭೋಜಣ್ಣ, ಇಕಣಿ" ಎಂದ ಮಂಜಯ್ಯ.

ಇಗೋ ಎಂದವನೇ ಮಣ್ಣು ಎತ್ತಿ ಕಿಂಡಿಗೆ ಮೆತ್ತಿದ.

ಒಳಗೆ ಬೆಳಕು ಹೋಯಿತು. ಕಿಂಡಿಯಿಂದ ಬರುತ್ತಿದ್ದ ಬಿಸಿಲಿನ ಕೋಲು ಚಾಪೆಯ ಮೇಲಿಂದ ಅಳಿಸಿದ ಹಾಗೆ ಮಾಯವಾಯಿತು. 

ಬಾಗಿಲು ತಳ್ಳಿ ಹೊರಗೆ ಬಂದೆ.

ಮಂಜಯ್ಯನ ಕೈ ಇನ್ನೂ ಕಿಂಡಿಯ ಮೇಲೆಯೇ ಇತ್ತು. ನನ್ನನ್ನು ನೋಡಿದ. ಕೈಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

"ಅಯ್ಯಬ್ಬಾ, ಮೇಷ್ಟ್ರೇ!" ಪದ್ದು ಎದೆಗೆ ಕೈಯಿಟ್ಟುಕೊಂಡಿದ್ದಳು. "ನಿಮ್ಮ್ ನಾಟಕ ಹಾಳಾಯ್ಲಿ! ನನ್ನ್ ಜೀವ ಹೋಪುಕಾಯಿತ್ತ್!" ಹೆದರಿಕೆ ಇಳಿದವರ ನಗೆ ಬಂತು ಅವಳಿಗೆ, ಕಣ್ಣೀರಿನ ಮೇಲೆಯೇ. ಹಂಚು ಇಳಿಸಿ ನಿಂತಿದ್ದ ಹೆಂಗಸರೂ ಬಾಯಿಗೆ ಸೆರಗು ಒತ್ತಿ ನಕ್ಕರು. ನನಗೂ ನಾಚಿಕೆಯ ನಗೆಯೊಂದು ಬಂತು.

ವನಜ ನಗಲಿಲ್ಲ. ಎದ್ದು ನನ್ನ ಹತ್ತಿರ ಬಂದಳು. ಅವಳ ಮುಖದಲ್ಲಿ ಕೋಪವಿಲ್ಲದ್ದು ಕಂಡು ನನಗೆ ಹೆಚ್ಚು ಹೆದರಿಕೆಯಾಯಿತು.

"ರಾಜೀವಣ್ಣ, ನನ್ನ್ ಒಂದ್ಸಲ ಕರೀನಿ. ಆ ಸ್ವರದಂಗೆ. ಒಂದೇ ಸಲ."

ನನ್ನ ಗಂಟಲಲ್ಲಿ ಊರಿಡೀ ವಾಸವಿದೆ. ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮ ಹೆಡ್‌ಮಾಸ್ತರರ ತನಕ ಯಾರು ಬೇಕಾದರೂ ಕರೆದಾಗ ಬರುತ್ತಾರೆ. ಆಗ ಒಬ್ಬನೂ ಬರಲಿಲ್ಲ. ನನ್ನ ಸ್ವರವೂ ಬರಲಿಲ್ಲ.

ಅವಳು ಒಂದು ಗಳಿಗೆ ಕಾದು ತಲೆ ತಗ್ಗಿಸಿದಳು. ಆಮೇಲೆ, ಏನೋ ನೆನಪಾದವಳ ಹಾಗೆ ಬಾಗಿಲ ಕಡೆ ತಿರುಗಿದಳು.

"ಹಾಂಗಾರೆ ಆ ದಿನ ಒಳ್ಗಿದ್ದ್ ಹೇಳದ್ದ್ ಯಾರ್?"

ನಗೆಗಳು ಒಂದೊಂದಾಗಿ ನಿಂತವು.

"ಪದ್ದು" ಎಂದರು ಚಂದಯ್ಯ ಶೆಟ್ಟರು. "ಹೆಣ ಕಂಡ ದಿನ ನೀ ಯಾವ್ ಬಾಗ್ಲಂಗೆ ಒಳ್ಗ್ ಹೋದ್ದ್?"

"ಹಿಂದಿಂದ್ರಂಗೆ. ಹೊಳಿ ಬದಿದ್ರಂಗೆ."

"ಅದರ ಸಂದಿಗೂ ಗೋಣಿ ಇತ್ತಾ?"

"ಇತ್ತಲೆ. ನಾನೇ ಎಳ್ದ್ ಬಿಸಾಡಿದ್ದ್."

"ಎಳ್ದದ್ದ್ ಒಳ್ಗಿಂದ್ಲಾ, ಹೆರ್ಗಿಂದ್ಲಾ?"

"ಹೆರ್ಗಿಂದ. ಗೋಣಿ ಹೆರ್ಗೇ ತುರ್ಕಿದ್ದಿತ್ತ್..." ಪದ್ದುವಿನ ಬಾಯಿ ತೆರೆದೇ ಉಳಿಯಿತು.

ಒಳಗೆ ಮಲಗಿ ಸಾಯುವವನು ಹೊರಗಿನಿಂದ ಗೋಣಿ ತುರುಕುವುದು ಹೇಗೆ? ಯಾರೋ ಒಳಗಿದ್ದರು. ನಿದ್ದೆ ಹೋದವನ ಪಕ್ಕದಲ್ಲೇ ನಿಂತು ಅವನ ದನಿಯಲ್ಲಿ ಅವನ ಸಾವನ್ನು ಕೂಗಿ ಹೇಳಿದರು, ಹಿಂಬಾಗಿಲಿನಿಂದ ಹೊರಟರು, ಹೊರಟು ಸಂದಿ ಮುಚ್ಚಿದರು. ಇಕ್ಕಳದಲ್ಲಿ ಒಂದು ಬಿಸಿ ಕೊಳವೆ ಇದ್ದಿರಬೇಕು. ಒಡೆಯದ ಕೊಳವೆ. ಭೋಜರಾಜನ ಗೆಲುವನ್ನು ತನ್ನದೆನ್ನಲು ಅದೊಂದೇ ಸಾಕು.

"ಬಿಟ್ಟ್ ಹೋಗ್ಲಿಲ್ಲ" ಎಂದಳು ವನಜ. ಯಾರಿಗೂ ಅಲ್ಲ. "ಅವ್ರ್ ನನ್ನ್ ಬಿಟ್ಟ್ ಹೋಗ್ಲಿಲ್ಲ." ಅಷ್ಟು ದಿನದಿಂದ ಎತ್ತಿ ಹಿಡಿದಿದ್ದ ಬೆನ್ನು ಆಗ ಕುಸಿಯಿತು. ಪದ್ದು ಹಿಡಿದುಕೊಂಡಳು. ವನಜ ಅವಳ ಮಡಿಲಿನಲ್ಲಿ ಮುಖವಿಟ್ಟು, ಗಂಡ ಸತ್ತ ಹೆಂಗಸು ಅಳಬೇಕಾದ ಹಾಗೆ ಅತ್ತಳು.

ಚಂದಯ್ಯ ಶೆಟ್ಟರು ನನ್ನ ಕಿವಿಯ ಹತ್ತಿರ ಬಂದರು. "ಮೇಷ್ಟ್ರೇ, ಈ ಸ್ವರ ಈ ಊರಂಗೆ ನಿಮ್ಗಲ್ದೆ ಮತ್ಯಾರಿಗ್ ಬತ್ತ್?"

ಇಲ್ಲ ಎನ್ನಲು ಬಾಯಿ ತೆರೆದೆ. ನನ್ನ ಕಿವಿ ತಡೆಯಿತು. ಅದರಲ್ಲಿ ಒಂದು 'ರೀ' ಇನ್ನೂ ಎಳೆಯುತ್ತಿತ್ತು.

ಗುಣಪಾಲ ಜಗಲಿಯಿಂದ ಇಳಿದು ನಮ್ಮತ್ತಲೇ ಬರುತ್ತಿದ್ದ. ಸಿಗರೇಟನ್ನು ಚಪ್ಪಲಿಯಡಿ ಹೊಸಕಿದ. ಚಪ್ಪಾಳೆ ತಟ್ಟುವವನ ಹಾಗೆ ಎರಡು ಕೈ ಸೇರಿಸಿ, ಸಣ್ಣಗೆ ನಕ್ಕ.

"ಲಾಯ್ಕಾಯ್ತ್ ಮೇಷ್ಟ್ರೇ, ಭಾರೀ ಲಾಯ್ಕಾಯ್ತ್. ಆರೆ ಒಂದ್ ತಪ್ಪಿತ್ತ್. ಭೋಜ 'ಮಂಜಯ್ಯಾ' ಅಂಬತಿಗೆ ಕಡಿಗೆ ಸ್ವರ ಒಂಚೂರ್ ಮೇಲ್ ಹೋಯ್ಕ್."

ಸರಿಯಾಗಿ ಹೇಳಿದ್ದ. ನಾನು ಮರೆತಿದ್ದೆ. ಮೇಲೆ ಹೋಗಬೇಕಿತ್ತು.

ಚಂದಯ್ಯ ಶೆಟ್ಟರ ಹುಬ್ಬು ಅಲುಗಲಿಲ್ಲ. ಗುಣಪಾಲನ ನಗೆಯೂ ಅಲುಗಲಿಲ್ಲ. ಅವರಿಬ್ಬರ ನಡುವೆ, ಗೋಡೆಯ ಹತ್ತಿರ, ಏನೋ ಸದ್ದಾಯಿತು.

ಮೊದಲು ಸಣ್ಣಗೆ, ಟಿಕ್ ಎಂದ ಹಾಗೆ. ಮಂಜಯ್ಯ. ಅವನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ.

"ನನ್ನ್ ಕೆಮಿ!" ಎಂದ. "ನನ್ನ್ ಕೆಮಿಗೆ ಮೋಸ ಮಾಡುವರ್ ಹುಟ್ಲಿಲ್ಲ ಅಂದೆ ಅಲ್ದಾ? ಅಂದೆ ಅಲ್ದಾ ಚಂದಯ್ಯಣ್ಣ?" ರೆಪ್ಪೆಯಿಲ್ಲದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. "ಇಕಣಿ ಅಂದೆ! ಆ ದಿನವೂ ಹೀಂಗೇ, ಇಕಣಿ ಭೋಜಣ್ಣ ಅಂದೆ! ಎರಡ್ ಸಲ ಮಂಗ ಮಾಡ್ರ್, ಎರಡ್ ಸಲವೂ ಹ್ವಾ ಅಂದೆ!"

ನಕ್ಕ. ಹೊಟ್ಟೆ ಹಿಡಿದು ನಕ್ಕ. ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ, ನಾವು ಯಾರೂ ಅದುವರೆಗೆ ನಕ್ಕಿದ್ದಕ್ಕಿಂತ ಜೋರಾಗಿ ನಕ್ಕ. ವನಜ ಅಳು ನಿಲ್ಲಿಸಿ ತಲೆಯೆತ್ತಿದಳು. ಗುಣಪಾಲ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದ.

ನಗುತ್ತ ನಗುತ್ತಲೇ ಮಂಜಯ್ಯ ಕಿಂಡಿಯ ಹಸಿ ಮಣ್ಣಿಗೆ, ಕೈಯ ಚಾಳಿಗೆ, ಹೆಬ್ಬೆರಳು ಒತ್ತಿದ.